ಶಾಲೆಯ ಚೀಟಿ

ಮಿರ್ಜಾನದ ತಾಯಿ ಹೊಳೆಯಲ್ಲಿ ಬಳಚು ತೆಗೆದು ಮನೆಗೆ ಬಂದಳು. ಮಗಳು ಚೀಟಿ ಕೊಟ್ಟಳು.

"ಅವ್ವಿ, ಅಕ್ಕೋರು ಕೊಟ್ರು. ಸಹಿ ಬೇಕಂತೆ."

ಹಿಂದಿನ ಸಲ ಓದದೆ ಹೆಬ್ಬೆಟ್ಟು ಒತ್ತಿದ್ದಳು. ಸಭೆ ತಪ್ಪಿತ್ತು. ಈ ಸಲ ಅಕ್ಷರ ಕೂಡಿಸಿ ಓದಿದಳು:

"ಸೋಮವಾರ ಪಾಲಕರ ಸಭೆ. ಎಸ್.ಡಿ.ಎಂ.ಸಿ. ಆಯ್ಕೆ."

ಎಸ್.ಡಿ.ಎಂ.ಸಿ. ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ 2001ರಲ್ಲಿ ಶುರುವಾಯಿತು. ಸರ್ಕಾರಿ ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತು ಎಂದು ಸಮಿತಿ ನೋಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ: ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು. ಅರ್ಧ ಹೆಂಗಸರಿರಬೇಕು.

ಈಗ ಶಾಲೆಯ ಸುದ್ದಿ ಫೋನಿಗೂ ಬರುತ್ತದೆ. ಅದನ್ನೂ ಓದಿ.

"ನಾನೂ ಸಭೆಗೆ ಹೋಗ್ತೆ. ಲೆಕ್ಕ ಕೇಳ್ತೆ" ಎಂದಳು ತಾಯಿ. ಚೀಟಿಯಲ್ಲಿ ತನ್ನ ಹೆಸರು ಬರೆದಳು.

ಓದಿ, ಬರೆಯಿರಿ: ಚೀಟಿ, ಸಭೆ, ಹಣ, ಹಕ್ಕು, ಸಹಿ.