ಕಾಣುವ ಸೈನಿಕರು, ಕಾಣದ ಸೈನ್ಯ

ಮುಳಬಾಗಿಲಿನಲ್ಲಿ ಅಭ್ಯಾಸ ಬೋಧನೆ. 10ನೇ ತರಗತಿ, ಮೊದಲ ಆಂಗ್ಲೋ-ಮೈಸೂರು ಯುದ್ಧ. ಡ್ರಾಯಿಂಗ್ ಹಾಳೆಯಲ್ಲಿ ಷಟ್ಕೋನದ ಮನೆಗಳನ್ನು ಬರೆದು, ಬಣ್ಣ ಹಚ್ಚಿದ ಮಣ್ಣಿನ ಸೈನಿಕರನ್ನು ನಿಲ್ಲಿಸಿದೆ.

1768ರ ಅಕ್ಟೋಬರ್ 4ರಂದು ಇಲ್ಲಿಯೇ ಹೈದರಾಲಿಯ ಸೈನ್ಯ ಕರ್ನಲ್ ವುಡ್‌ನ ಪಡೆಯನ್ನು ಸೋಲಿನಂಚಿಗೆ ತಳ್ಳಿತ್ತು. ಆಗ ಕ್ಯಾಪ್ಟನ್ ಬ್ರೂಕ್‌ನ ತುಕಡಿ ಬಂಡೆಯಿಂದ ಫಿರಂಗಿ ಹಾರಿಸಿ, ‘ಸ್ಮಿತ್’ ಎಂದು ಕೂಗಿತು. ಕರ್ನಲ್ ಸ್ಮಿತ್‌ನ ಸೈನ್ಯವೇ ಬಂತೆಂದು ಎರಡೂ ಕಡೆಯವರು ನಂಬಿದರು. ವುಡ್‌ಗೆ ಬಿಡುವು ಸಿಕ್ಕಿತು.

ಆಟದಲ್ಲಿ ಹೈದರನ ಕಡೆಯ ಹುಡುಗಿ ಹಿಂದೆ ಸರಿಯಲಿಲ್ಲ. “ಸ್ಮಿತ್ ಎಲ್ಲಿದ್ದಾನೆ ಸಾರ್? ಎಲ್ಲಾ ಕಾಣಿಸ್ತಿದೆಯಲ್ಲ!”

ತಪ್ಪು ನನ್ನದು. ಮರುದಿನ ಸೈನಿಕರ ಮೇಲೆ ಬೆಂಕಿಪೊಟ್ಟಣ ಕವಚಿದೆ. ಒಳಗೆ ಯಾರೂ ಇಲ್ಲದ ಪೊಟ್ಟಣಗಳನ್ನೂ ಸೇರಿಸಿದೆ. ಪಕ್ಕದ ಮನೆಗೆ ಬಂದಾಗಲಷ್ಟೇ ತೆರೆಯಬೇಕು. ಕೂಗು ಕೇಳಿದೊಡನೆ ಅವಳ ಕೈ ತಡೆಯಿತು.

ಪಾಠೋಪಕರಣ ಏನನ್ನು ತೋರಿಸಬೇಕೆಂದು ಟಿಪ್ಪಣಿಯಲ್ಲಿ ಬರೆದಿದ್ದೆ. ಏನನ್ನು ಮರೆಮಾಡಬೇಕೆಂದು ಅವಳು ಕಲಿಸಿದಳು.