ನಲಿ-ಕಲಿ ತರಗತಿ: ನಿಮ್ಮ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ?

ಜೂನ್‌ನಲ್ಲಿ ಮಗುವನ್ನು ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿಸಿದ ತಂದೆ-ತಾಯಂದಿರು ಆಗಸ್ಟ್ ಹೊತ್ತಿಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ‘ಇನ್ನೂ ಅ ಆ ಇ ಈ ಪೂರ್ತಿ ಬರೋದಿಲ್ಲ. ಕೇಳಿದರೆ ಬರೀ ಹಾಡು, ಆಟ ಅಂತಾನೆ. ಎರಡು, ಮೂರನೇ ಕ್ಲಾಸಿನವರ ಜೊತೆ ಕೂರಿಸ್ತಾರಂತೆ. ಮನೆಗೆ ಬರೆಯೋಕೆ ಏನೂ ಕೊಡಲ್ಲ.’

ಈ ಆತಂಕ ಸಹಜ. ನಾವು ಕಲಿತ ಶಾಲೆ ಹೀಗಿರಲಿಲ್ಲ. ಆದರೆ ಈ ನಾಲ್ಕೂ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಬೇಕೆಂದೇ ಮಾಡಿದ ಏರ್ಪಾಡುಗಳು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು ಅದಕ್ಕೆ ಪ್ರೇರಣೆ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ಬಂತು, ಮರುವರ್ಷ 3ನೇ ತರಗತಿಗೂ ವಿಸ್ತರಿಸಿತು.

ಅಕ್ಷರಗಳ ಕ್ರಮ ಏಕೆ ಬೇರೆ?

ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮೊದಲ ಮೂರು ಅಕ್ಷರ ಕಲಿತ ಮಗು ‘ಸರ’, ‘ರಸ’, ‘ಗರಗಸ’ ಎಂದು ಓದಬಲ್ಲದು. ‘ಅ’ ಸೇರಿದ ಕೂಡಲೇ ‘ಅರಸ’, ‘ಅಗಸ’ ಎರಡೂ ಅದರ ಕೈಗೆ ಬರುತ್ತವೆ. ಇಡೀ ವರ್ಣಮಾಲೆ ಬಾಯಿಪಾಠವಾಗುವವರೆಗೆ ಕಾಯದೆ, ‘ನನಗೆ ಓದೋಕೆ ಬರುತ್ತೆ’ ಎಂಬ ಧೈರ್ಯ ಮಗುವಿಗೆ ಬೇಗ ಸಿಗಲಿ ಎಂಬುದೇ ಇದರ ಉದ್ದೇಶ. ಆದ್ದರಿಂದ ‘ಅ ಆ ಇ ಈ ಹೇಳು’ ಎಂದು ಪರೀಕ್ಷಿಸಿ, ತಡವರಿಸಿದಾಗ ಬೇಸರಪಡಬೇಡಿ. ಗೊತ್ತಿರುವ ಅಕ್ಷರಗಳಿಂದ ಯಾವ ಪದ ಓದುತ್ತದೆ ಎಂದು ನೋಡಿ.

ಇನ್ನೊಂದು ಸಂಗತಿ. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು ನಾನೂರನ್ನು ದಾಟುತ್ತವೆ. ಒತ್ತಕ್ಷರಗಳು ಬೇರೆ. ಇಷ್ಟೆಲ್ಲ ಮೊದಲ ವರ್ಷದಲ್ಲೇ ಬರಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ.

ಏಣಿ, ಕಾರ್ಡು, ಗುಂಪು

ಬೆಳಿಗ್ಗೆ ಬಂದ ಮಗು ತನ್ನ ಹೆಸರಿನ ಮುಂದೆ ತಾನೇ ಹಾಜರಿ ಗುರುತು ಹಾಕುತ್ತದೆ. ಹೊರಗೆ ಇಣುಕಿ ಬಿಸಿಲೋ ಮೋಡವೋ ನೋಡಿ ಹವಾಮಾನ ನಕ್ಷೆಯಲ್ಲಿ ತುಂಬುತ್ತದೆ. ಆಟದಂತೆ ಕಂಡರೂ ಇಲ್ಲಿ ಹೆಸರು ಓದುವುದಿದೆ, ಗಮನಿಸುವುದಿದೆ, ಗಮನಿಸಿದ್ದನ್ನು ದಾಖಲಿಸುವುದಿದೆ.

ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಮತ್ತು ಸಂಖ್ಯೆ. ಮಗು ತಾನು ಎಲ್ಲಿಗೆ ನಿಲ್ಲಿಸಿತ್ತು ಎಂದು ಏಣಿಯಲ್ಲಿ ನೋಡಿ, ಅದೇ ಗುರುತಿರುವ ಕಲಿಕಾ ಕಾರ್ಡನ್ನು ಹುಡುಕಿ ತಂದು ತನ್ನ ಗುಂಪಿನಲ್ಲಿ ಕೂರುತ್ತದೆ. ಗುಂಪುಗಳು ಐದು. ಮೊದಲನೆಯದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಎರಡನೆಯದರಲ್ಲಿ ಅರ್ಧ. ಮೂರು ಮತ್ತು ನಾಲ್ಕನೆಯದರಲ್ಲಿ ಸಹಪಾಠಿಗಳ ನೆರವು. ಐದನೆಯದರಲ್ಲಿ ಮಗು ಸ್ವಂತವಾಗಿ ಕಲಿಯುತ್ತದೆ.

ಹಾಗಾಗಿ ದೊಡ್ಡ ಮಕ್ಕಳ ಜೊತೆ ಕೂತಿರುವುದು ಕೊಠಡಿಯ ಕೊರತೆಯಿಂದಷ್ಟೇ ಅಲ್ಲ. ಒಂದನೇ ತರಗತಿಯ ಮಗುವಿಗೆ ಅಕ್ಷರ ತಿದ್ದಿಸುವ ಮೂರನೇ ತರಗತಿಯ ಹುಡುಗಿ ತನ್ನ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಾಳೆ. ತಲೆಯ ಮೇಲೆ ಕಟ್ಟಿದ ದಾರದ ಚಪ್ಪರದಲ್ಲಿ ಎಲ್ಲರ ಚಿತ್ರ, ಬರಹಗಳೂ ತೂಗುತ್ತವೆ. ನಿಮ್ಮ ಮಗುವಿನದೂ ಅಲ್ಲಿರುತ್ತದೆ, ಕೇಳಿ ನೋಡಿ.

ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡ ಮಗು ಇಲ್ಲಿ ಪಾಠದಲ್ಲಿ ಹಿಂದೆ ಬೀಳುವುದಿಲ್ಲ. ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಆದರೆ ಹಬ್ಬ, ಜಾತ್ರೆ, ನೆಂಟರ ಮನೆ ಎಂದು ಮತ್ತೆ ಮತ್ತೆ ತಪ್ಪಿಸಿದರೆ ಮಗು ಅದೇ ಮೆಟ್ಟಿಲಿನಲ್ಲಿ ನಿಂತುಬಿಡುತ್ತದೆ. ಸಣ್ಣ ಕ್ಲಾಸು ತಾನೇ ಎಂಬ ಸಡಿಲತನ ಬೇಡ.

ಮನೆಯಲ್ಲಿ ಏನು ಮಾಡಬೇಕು?

ಒಂದು, ಎರಡನೇ ತರಗತಿಗೆ ಹೋಮ್‌ವರ್ಕ್ ಇಲ್ಲದಿರುವುದು ಶಿಕ್ಷಕರ ಸೋಮಾರಿತನವಲ್ಲ. ರಾಜ್ಯದ 2019ರ ಸುತ್ತೋಲೆಯೂ 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯೂ ಅದನ್ನೇ ಹೇಳುತ್ತವೆ. ಆ ಸಮಯವನ್ನು ಹೀಗೆ ಬಳಸಿ:

• ‘ಇವತ್ತು ಏನು ಬರೆಸಿದರು?’ ಎಂದು ಕೇಳುವ ಬದಲು ‘ಇವತ್ತು ಯಾವ ಕಾರ್ಡು ಮಾಡಿದೆ? ನಂಗೂ ತೋರಿಸು’ ಎನ್ನಿ. ವಿವರಿಸಿ ಹೇಳುವಾಗ ಮಗು ಇನ್ನೊಮ್ಮೆ ಕಲಿಯುತ್ತದೆ.

• ಹುಣಸೆ ಬೀಜ ಎಣಿಸಲು ಕೊಡಿ. ಹತ್ತು ಕಡ್ಡಿಗೆ ಒಂದು ಕಟ್ಟು ಕಟ್ಟಿಸಿ. ‘ಎರಡು ಕಟ್ಟು, ಬಿಡಿ ಮೂರು’ ಅಂದರೆ ಇಪ್ಪತ್ಮೂರು ಎಂದು ಕೈಗೆ ತಿಳಿದ ಮಗುವಿಗೆ ಮುಂದೆ ದಶಕ ಕೂಡುವ ಲೆಕ್ಕ ಕಷ್ಟವಾಗದು.

• ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬಿಸ್ಕತ್ ಪ್ಯಾಕೆಟ್ಟಿನಲ್ಲಿ ಗೊತ್ತಿರುವ ಅಕ್ಷರ ಹುಡುಕಿಸಿ.

• ಮನೆಮಾತು ತುಳು, ಉರ್ದು, ಲಂಬಾಣಿ, ತೆಲುಗು ಯಾವುದೇ ಇರಲಿ, ಅದರಲ್ಲೇ ಧಾರಾಳವಾಗಿ ಕಥೆ ಹೇಳಿ. ಅದರಲ್ಲಿ ಬೆಳೆದ ಮಾತಿನ ಶಕ್ತಿ ಕನ್ನಡ ಕಲಿಯಲೂ ಒದಗುತ್ತದೆ.

• ಅಕ್ಷರ ತಿರುಗುಮುರುಗಾಗಿ ಬರೆದರೆ ಬೈಯಬೇಡಿ. ಆರೇಳು ವರ್ಷಕ್ಕೆ ಅದು ಮಾಮೂಲು. ಸರಿಯಾದ ರೂಪವನ್ನು ಪಕ್ಕದಲ್ಲಿ ಒಮ್ಮೆ ಬರೆದು ತೋರಿಸಿದರೆ ಸಾಕು. ನೂರು ಸಲ ಬರೆಸಿದರೆ ಬರವಣಿಗೆಯ ಮೇಲೇ ಮುನಿಸು ಬರುತ್ತದೆ.

• ಪಕ್ಕದ ಮನೆಯ ಕಾನ್ವೆಂಟ್ ಮಗುವಿಗೆ ಹೋಲಿಸಲೇಬೇಡಿ. ಎರಡು ತಿಂಗಳ ಹಿಂದಿನ ನಿಮ್ಮದೇ ಮಗುವಿಗೆ ಹೋಲಿಸಿ.

ಯಾವಾಗ ಎಚ್ಚರ ಬೇಕು?

ನಿಧಾನವಾಗಿ ಏರುವುದು ಬೇರೆ, ನಿಂತುಬಿಡುವುದು ಬೇರೆ. ತಪ್ಪದೆ ಶಾಲೆಗೆ ಹೋಗುತ್ತಿದ್ದರೂ ತಿಂಗಳುಗಟ್ಟಲೆ ಒಂದೇ ಮೆಟ್ಟಿಲಿನಲ್ಲಿದ್ದರೆ, ಎರಡನೇ ತರಗತಿ ಮುಗಿಯುತ್ತ ಬಂದರೂ ಸರಳ ಪದ ಓದಲಾಗದಿದ್ದರೆ, ಶಿಕ್ಷಕರನ್ನು ಕೂಡಲೇ ಕಾಣಿ. ಮೊದಲು ಕಣ್ಣು, ಕಿವಿ ತಪಾಸಣೆ ಮಾಡಿಸಿ. ಎಷ್ಟೋ ಸಲ ‘ದಡ್ಡ’ ಎನಿಸಿಕೊಂಡ ಮಗುವಿಗೆ ಬೇಕಾಗಿದ್ದುದು ಕನ್ನಡಕ ಮಾತ್ರ.

ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕ ಕೇಳುವುದಕ್ಕಿಂತ ಮುಂಚೆ ಮಗುವಿನ ಕಲಿಕೆಯ ದಾಖಲೆಯಾದ ‘ಪ್ರಗತಿ ನೋಟ’ ನೋಡಿ. ಶಿಕ್ಷಕರಿಗೆ ಎರಡೇ ಪ್ರಶ್ನೆ ಹಾಕಿ: ‘ಈಗ ಯಾವ ಮೆಟ್ಟಿಲಲ್ಲಿದ್ದಾನೆ? ಮುಂದಿನ ಮೆಟ್ಟಿಲಿಗೆ ನಾವು ಮನೆಯಲ್ಲಿ ಏನು ಮಾಡಬಹುದು?’ ಹೀಗೆ ಕೇಳುವ ಪೋಷಕರಿದ್ದರೆ ಶಿಕ್ಷಕರಿಗೂ ಹುರುಪು ಬರುತ್ತದೆ, ಮಗುವಿನ ಕಲಿಕೆಗೆ ಮನೆ ಮತ್ತು ಶಾಲೆ ಎರಡೂ ಕೈಜೋಡಿಸಿದಂತಾಗುತ್ತದೆ.