ಧಾರಾವಾಹಿಯವರ ಜೊತೆ ಒಂದು ಆಟ

ಪ್ರಶ್ನೆ: ನಮ್ಮತ್ತೆಗೆ ಸಂಜೆಯ ಧಾರಾವಾಹಿ ಒಂದು ದಿನವೂ ತಪ್ಪಬಾರದು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ತಮ್ಮ, ‘ಧಾರಾವಾಹಿಯವರು ಬೌಲಿಂಗ್ ಆಡಿ ಒಳ್ಳೆ ಕೆಲಸಕ್ಕೆ ದುಡ್ಡು ಕೂಡಿಸ್ತಾರಕ್ಕ, ಟಿಕೆಟ್ ತಗೊಂಡ್ರೆ ನಾವೂ ಜೊತೇಲಿ ಆಡಬಹುದು’ ಅನ್ನುತ್ತಾನೆ. ಹೀಗೂ ಉಂಟೇ? ಆಟವೇ ಗೊತ್ತಿಲ್ಲದ ನಾವು ಹೋದರೆ ನಡೆಯುತ್ತದೆಯೇ? ಆ ದುಡ್ಡು ಸೇರಬೇಕಾದವರಿಗೆ ಸೇರುತ್ತದೆಯೇ? ಅವರೊಡನೆ ಏನಂತ ಮಾತಾಡುವುದು?
— ಓದುಗರು, ಮಸಿನಗುಡಿ

ಉತ್ತರ: ಉಂಟು. ಅಮೆರಿಕದಲ್ಲಿ ಇದು ಹಳೆಯ ರೂಢಿ. ಅಲ್ಲಿನ ಹಗಲು ಧಾರಾವಾಹಿಗಳ ಕಲಾವಿದರು ಆಟಿಸಂ ಇರುವ ಮಕ್ಕಳ ನೆರವಿಗೆಂದು ನ್ಯೂಯಾರ್ಕಿನಲ್ಲಿ ಬೌಲಿಂಗ್ ಕೂಟಗಳನ್ನು ನಡೆಸಿದ್ದಾರೆ. ಅಭಿಮಾನಿಗಳು ದೇಣಿಗೆ ಕೊಟ್ಟು ಬಂದು ಅವರ ಜೊತೆಗೇ ಆಡಿದ್ದಾರೆ. ಆ ದೇಶದ ‘ಗೈಡಿಂಗ್ ಲೈಟ್’ ಧಾರಾವಾಹಿ 1937ರಲ್ಲಿ ರೇಡಿಯೊದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರವರೆಗೂ ನಡೆಯಿತು. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ನೋಡಿ ಬೆಳೆದ ಕಥೆಯ ಕಲಾವಿದರು ಎದುರಿಗೆ ಸಿಕ್ಕಾಗ ಜನ ದೂರದಿಂದ ಬರುವುದು ಸಹಜ.

ನಮ್ಮಲ್ಲಿ ಕಲಾವಿದರು ಆಟವಾಡಲು ಹೆಚ್ಚಾಗಿ ಇಳಿದಿರುವುದು ಕ್ರಿಕೆಟ್ ಮೈದಾನಕ್ಕೆ. 2011ರಲ್ಲಿ ಆರಂಭವಾದ ಸೆಲೆಬ್ರಿಟಿ ಕ್ರಿಕೆಟ್ ಲೀಗ್‌ನಲ್ಲಿ ಸುದೀಪ್ ನಾಯಕರಾಗಿದ್ದ ಕರ್ನಾಟಕ ಬುಲ್ಡೋಜರ್ಸ್ 2013 ಮತ್ತು 2014ರಲ್ಲಿ ಗೆದ್ದಿತು. ‘ಅಶ್ವಿನಿ ನಕ್ಷತ್ರ’ದಿಂದ ಮನೆಮಾತಾದ ಜೆಕೆಯಂಥ ಕಿರುತೆರೆಯವರೂ ಆ ತಂಡದಲ್ಲಿ ಆಡಿದ್ದಾರೆ. 2018ರಲ್ಲಿ ಶುರುವಾದ ಕನ್ನಡ ಚಲನಚಿತ್ರ ಕಪ್‌ನಲ್ಲಿ ತಂಡಗಳಿಗೆ ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ ಎಂಬ ರಾಜಮನೆತನಗಳ ಹೆಸರಿಟ್ಟಿದ್ದು ನನಗಂತೂ ತುಂಬಾ ಇಷ್ಟವಾಯಿತು. ಆದರೆ ಇವೆಲ್ಲ ನೋಡುವ ಆಟಗಳು. ನೀವು ಗ್ಯಾಲರಿಯಲ್ಲಿ ಕೂತರೆ ನಿಮ್ಮತ್ತೆಯ ಮೆಚ್ಚಿನ ನಟ ಬೌಂಡರಿ ಗೆರೆಯ ಹತ್ತಿರ ಚುಕ್ಕಿಯಷ್ಟು ಕಾಣುತ್ತಾರೆ. ಕೈ ಬೀಸಿದರೆ ಅವರೂ ಬೀಸಬಹುದು, ಅಷ್ಟೇ.

ನಿಮ್ಮ ತಮ್ಮ ಹೇಳಿದ ಬೌಲಿಂಗಿನಲ್ಲಿ ಹಾಗಲ್ಲ. ನುಣ್ಣಗಿನ ಮರದ ಹಾದಿ, ಆ ತುದಿಯಲ್ಲಿ ಮುಕ್ಕೋನದಲ್ಲಿ ನಿಲ್ಲಿಸಿದ ಹತ್ತು ಪಿನ್ನುಗಳು, ಈ ತುದಿಯಿಂದ ಚೆಂಡನ್ನು ಉರುಳಿಸಿ ಅವನ್ನು ಕೆಡವಬೇಕು. ನಿಂತು ಉರುಳಿಸುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಚೆಂಡಿಗೆ ಮೂರು ತೂತುಗಳಿರುತ್ತವೆ. ಹೆಬ್ಬೆರಳು, ನಡುಬೆರಳು, ಉಂಗುರಬೆರಳು ಅದರೊಳಗೆ ಹೋಗಬೇಕು. ಅತಿ ಭಾರದ ಚೆಂಡು 16 ಪೌಂಡ್, ಅಂದರೆ ಏಳು ಕೆಜಿಗಿಂತ ಸ್ವಲ್ಪ ಹೆಚ್ಚು. ನೀವು ಎಂಟು ಪೌಂಡಿನದನ್ನು ಕೇಳಿ ತೆಗೆದುಕೊಳ್ಳಿ. ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತದೆ, ಕಾಲುಚೀಲ ಮಾತ್ರ ಮನೆಯಿಂದ ಒಯ್ಯಿರಿ. ಸೀರೆಗಿಂತ ಚೂಡಿದಾರ ಅನುಕೂಲ. ಒಂದು ಆಟಕ್ಕೆ ಹತ್ತು ಸರದಿ, ಕೊನೆಯದೊಂದನ್ನು ಬಿಟ್ಟು ಪ್ರತಿ ಸರದಿಗೆ ಎರಡು ಚೆಂಡು. ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಆ ಸರದಿ ಅಲ್ಲಿಗೆ ಮುಗಿಯಿತು. ಪ್ರತಿ ಚೆಂಡಿಗೂ ಹಾಗೇ ಕೆಡವಿದವರಿಗೆ ಹೆಚ್ಚುವರಿ ಅಂಕಗಳೂ ಸೇರಿ 300 ಅಂಕ, ಅದಕ್ಕಿಂತ ಮೇಲೆ ಇಲ್ಲ. ಹೊಸಬರ ಚೆಂಡು ಪಕ್ಕದ ಕಾಲುವೆಗೆ ಉರುಳುವುದೇ ಹೆಚ್ಚು. ಅದಕ್ಕೆ ಯಾರೂ ನಗುವುದಿಲ್ಲ. ಬಂದ ಕಲಾವಿದರಲ್ಲೂ ಅನೇಕರಿಗೆ ಆ ಆಟ ಬರುವುದಿಲ್ಲ, ಅವರ ಚೆಂಡೂ ಕಾಲುವೆಗೇ ಹೋಗುತ್ತದೆ.

ಈ ಕೂಟದ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನಾನು ನಂಬುತ್ತೇನೆ. ಒಂದು ಹಾದಿಗೆ ನಾಲ್ಕೈದು ಜನ. ಒಬ್ಬರು ಉರುಳಿಸುವಾಗ ಉಳಿದವರು ಹಿಂದಿನ ಬೆಂಚಿನಲ್ಲಿ ಕಾಯುತ್ತಾರೆ. ಒಂದು ಆಟಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ, ಅದರಲ್ಲಿ ಬಹುಪಾಲು ಕಾಯುವುದೇ. ಸನ್ಮಾನ ಸಭೆಯಲ್ಲಿ ಹಾರ ಹಾಕಿ, ಫೋಟೊ ಹೊಡೆಸಿ, ಎರಡು ನಿಮಿಷಕ್ಕೆ ವೇದಿಕೆ ಇಳಿಯುತ್ತೀರಿ. ಇಲ್ಲಿ ಒಂದೇ ಬೆಂಚಿನಲ್ಲಿ ಕೂತು, ಅವರ ಪಿನ್ನು ಬಿದ್ದಾಗ ನೀವು ಚಪ್ಪಾಳೆ ತಟ್ಟುತ್ತೀರಿ, ನಿಮ್ಮದು ಬಿದ್ದಾಗ ಅವರು ತಟ್ಟುತ್ತಾರೆ. ನಡುವೆ ಮಾತು ತಾನಾಗಿ ಹುಟ್ಟುತ್ತದೆ.

ಕಲಾವಿದರು ಹೀಗೆ ನೆರವಿಗೆ ನಿಲ್ಲುವುದು ನಮಗೆ ಹೊಸತೇನಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಶಾಲೆಯ ಕಟ್ಟಡಕ್ಕೋ ಬರಗಾಲಕ್ಕೋ ‘ಸಹಾಯಾರ್ಥ ನಾಟಕ’ ಆಡಿ, ಆ ರಾತ್ರಿಯ ಕಲೆಕ್ಷನ್ನನ್ನು ಊರಿಗೇ ಬಿಟ್ಟುಕೊಡುತ್ತಿದ್ದರು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಅವರಿಗೆ ನೆನಪಿರಬಹುದು. ಆ ಕಂಪನಿಗಳಲ್ಲೇ ಬೆಳೆದ ರಾಜ್‌ಕುಮಾರ್ 1961ರಲ್ಲಿ ರಾಜ್ಯದಲ್ಲಿ ಪ್ರವಾಹ ಬಂದಾಗ ಸಹಕಲಾವಿದರ ಜೊತೆ ಜನರ ನಡುವೆ ಹೋಗಿ ಸಂತ್ರಸ್ತರಿಗಾಗಿ ಹಣ ಕೂಡಿಸಿದರು. ಮುಂದೆ ಎಷ್ಟೋ ರಸಮಂಜರಿಗಳನ್ನು ಸಂಭಾವನೆ ಪಡೆಯದೆ ನಡೆಸಿಕೊಟ್ಟರು. ಅವರ ಗಾಜನೂರು ಕೂಡ ನಿಮ್ಮೂರಿನಂತೆ ಗಡಿಯಾಚೆಯ ಕನ್ನಡದ ಊರು, ತಾಳವಾಡಿ ಪಕ್ಕದ್ದು. ಧಾರಾವಾಹಿ ಲೋಕದಲ್ಲಿ ಟಿ.ಎನ್. ಸೀತಾರಾಂ ‘ಮುಕ್ತ ಮುಕ್ತ’ದ ಕಲಾವಿದರನ್ನು ಊರುಗಳಿಗೆ ಕರೆದೊಯ್ದು ನೋಡುಗರೊಡನೆ ಸಂವಾದ ನಡೆಸಿದ್ದರು. ಜನ ಕೇಳುವುದು, ಕಲಾವಿದರು ಉತ್ತರಿಸುವುದು. ನೋಡುಗರನ್ನು ಅಷ್ಟು ಗೌರವದಿಂದ ಕಂಡ ಆ ಪ್ರಯತ್ನ ಮತ್ತೆ ಮತ್ತೆ ನಡೆಯಬೇಕಿತ್ತು.

ಈಗ ಏನು ಮಾತಾಡುವುದು ಎಂಬುದಕ್ಕೆ ಬರುತ್ತೇನೆ. ಸಿನಿಮಾದವರನ್ನು ನಾವು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ನೋಡುತ್ತೇವೆ. ಧಾರಾವಾಹಿಯವರು ದಿನವೂ ನಾವು ಊಟ ಮಾಡುವ ಹೊತ್ತಿಗೆ ಮನೆಗೇ ಬರುತ್ತಾರೆ. ಹಾಗಾಗಿ ಪಾತ್ರದ ಹೆಸರೇ ನಮಗೆ ಅವರ ಹೆಸರು. ‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಉಮಾಶ್ರೀಯವರು ಎಷ್ಟೋ ಮನೆಗಳಲ್ಲಿ ಮೆಸ್ ನಡೆಸುವ ಪುಟ್ಟಕ್ಕನೇ ಆಗಿಬಿಟ್ಟರು. ಆದರೆ ಅವರು ರಂಗಭೂಮಿಯಲ್ಲಿ ಪಳಗಿದವರು, ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದವರು, 2013ರಲ್ಲಿ ಬಂದ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಇಂಥವರು ಸಿಕ್ಕಾಗ ‘ಪುಟ್ಟಕ್ಕಾ’ ಎಂದು ಕರೆದರೆ ಬೇಸರಪಡುವುದಿಲ್ಲ, ಅದು ಅವರ ಕೆಲಸಕ್ಕೆ ಸಿಕ್ಕ ಮೆಚ್ಚುಗೆಯೇ. ಅಲ್ಲಿಗೇ ನಿಲ್ಲಿಸಬೇಡಿ. ಆ ದೃಶ್ಯಕ್ಕೆ ಎಷ್ಟು ಹೊತ್ತು ಹಿಡಿಯಿತು, ಅಳುವ ದೃಶ್ಯ ಮುಗಿದ ಮೇಲೆ ಮನಸ್ಸು ಹೇಗೆ ಸರಿಯಾಗುತ್ತದೆ, ಮೊದಲು ಯಾವ ನಾಟಕ ಆಡಿದಿರಿ ಎಂದು ಕೇಳಿ. ಬೆಳಿಗ್ಗೆ ಬಣ್ಣ ಹಚ್ಚಿ ಕೂತವರು ರಾತ್ರಿಯವರೆಗೂ ಸೆಟ್ಟಿನಲ್ಲೇ ಇರುವ ಕೆಲಸವದು. ಅದರ ಬಗ್ಗೆ ಆಸ್ಥೆಯಿಂದ ಕೇಳುವವರು ಕಡಿಮೆ. ಖಳನಾಯಕಿಯ ಪಾತ್ರ ಮಾಡುವವರು ಸಿಕ್ಕರೆ ನಿಮ್ಮತ್ತೆ ಬೈದುಬಿಟ್ಟಾರು ಎಂಬ ಭಯವಿದ್ದರೆ, ಮೊದಲೇ ಹೇಳಿ ಕರೆದುಕೊಂಡು ಹೋಗಿ. ಮನೆ, ಮದುವೆ, ಸಂಬಳ ಇವನ್ನು ಕೇಳಬೇಡಿ. ಫೋಟೊಗೆ ಮೊದಲು ಒಪ್ಪಿಗೆ ಕೇಳಿ.

ಈ ಮಾತು ನಿಮಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾದೀತು. ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರಕ್ಕೆ 2023ರ ಮಾರ್ಚಿನಲ್ಲಿ ಆಸ್ಕರ್ ಬಂದಾಗ ನಿಮ್ಮ ಪಕ್ಕದ ತೆಪ್ಪಕಾಡಿನ ಆನೆ ಶಿಬಿರಕ್ಕೆ ಜನ ಎಲ್ಲೆಲ್ಲಿಂದಲೋ ಬಂದರು. ಆ ಚಿತ್ರದಲ್ಲಿ ಕಂಡ ಬೊಮ್ಮನ್, ಬೆಳ್ಳಿ ದಂಪತಿಯನ್ನು ಕಾಣಲು ಪ್ರಧಾನಿ, ರಾಷ್ಟ್ರಪತಿಯವರೂ ಆ ವರ್ಷ ಬಂದುಹೋದರು. ಆ ದಂಪತಿ ಮಾಡುತ್ತಿದ್ದ ಕೆಲಸ ಆನೆಮರಿ ಸಾಕುವುದು. ಬಂದ ಅನೇಕರಿಗೆ ಬೇಕಿದ್ದದ್ದು ಒಂದು ಸೆಲ್ಫಿ. ತೆರೆಯ ಮೇಲೆ ಕಂಡವರ ಎದುರು ಹೇಗೆ ನಡೆದುಕೊಳ್ಳಬೇಕು, ಹೇಗೆ ನಡೆದುಕೊಳ್ಳಬಾರದು ಎಂಬುದನ್ನು ನಿಮ್ಮ ಸುತ್ತಮುತ್ತಲಿನವರು ಹತ್ತಿರದಿಂದ ಕಂಡಿದ್ದೀರಿ.

ಇನ್ನು ದುಡ್ಡಿನ ವಿಚಾರ. ಟಿಕೆಟ್ ಕೊಳ್ಳುವ ಮೊದಲು ಮೂರು ಸಂಗತಿ ಕೇಳಿ: ಹಣ ಯಾವ ಟ್ರಸ್ಟಿಗೆ ಹೋಗುತ್ತದೆ, ಜಾಗದ ಬಾಡಿಗೆ ಮತ್ತು ಖರ್ಚನ್ನು ಯಾರು ಹೊರುತ್ತಾರೆ, ಮುಗಿದ ಮೇಲೆ ಲೆಕ್ಕವನ್ನು ಎಲ್ಲಿ ಹಾಕುತ್ತಾರೆ. ಟ್ರಸ್ಟಿನ ಹೆಸರು ಸರ್ಕಾರದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿದೆಯೇ ಎಂದು ತಮ್ಮನಿಗೆ ನೋಡಲು ಹೇಳಿ. ರಸೀದಿ ಟ್ರಸ್ಟಿನ ಹೆಸರಿನಲ್ಲೇ ಇರಬೇಕು. ಹಣವನ್ನೂ ಅದರ ಖಾತೆಗೇ ಹಾಕಿ, ಯಾರದೋ ಸ್ವಂತ ಮೊಬೈಲ್ ನಂಬರಿಗೆ ಬೇಡ. ‘ಕೆಲವರು ಬರುತ್ತಾರೆ’ ಎಂದಷ್ಟೇ ಹೇಳಿ ಕಲಾವಿದರ ಹೆಸರು ಹೇಳದ ಕೂಟಕ್ಕೆ ಹೋಗಲೇಬೇಡಿ. ಈ ಪ್ರಶ್ನೆಗಳಿಗೆ ಪ್ರಾಮಾಣಿಕ ಸಂಘಟಕರು ಸಿಡುಕುವುದಿಲ್ಲ. ಕಲಾವಿದರು ತಮ್ಮ ಅಪರೂಪದ ಬಿಡುವಿನ ದಿನವನ್ನು ಕೊಟ್ಟಿರುತ್ತಾರೆ, ನೀವು ದುಡಿದ ಹಣ ಕೊಟ್ಟಿರುತ್ತೀರಿ. ಆ ಎರಡೂ ಕಾಯಿಲೆಯ ಮಗುವಿನ ಔಷಧಿಗೋ ಶಾಲೆಯ ಫೀಸಿಗೋ ತಲುಪಲೇಬೇಕು.

ಹೊರಡುವ ಮೊದಲು ದಾರಿಯ ಲೆಕ್ಕ ಹಾಕಿಕೊಳ್ಳಿ. ಇಂಥ ಕೂಟಗಳು ಸಾಮಾನ್ಯವಾಗಿ ಸಂಜೆ ಶುರುವಾಗುತ್ತವೆ. ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಅತ್ತೆಯನ್ನೂ ಕರೆದುಕೊಂಡು ಹಿಂದಿನ ದಿನವೇ ಹೋಗಿ ತಮ್ಮನ ಮನೆಯಲ್ಲಿ ಉಳಿಯಿರಿ, ಮರುದಿನ ಬೆಳಕಿದ್ದಾಗ ಗುಂಡ್ಲುಪೇಟೆ ದಾಟುವಂತೆ ಹೊರಡಿ.